ರಸಮಟ್ಟ

ಎಡದಿಂದ ಮೂರನೆಯ ಕಂಬ.
ಆಗಸ್ಟಿನ ಪಡುವಣ ಗಾಳಿ ಟೂವೂಂಬಾಕ್ಕೆ ಬಂತೆಂದರೆ
ಮೊದಲು ಕರಕರ ಎನ್ನುವುದು ಅದು,
ಆಮೇಲೆ ಅದರ ಅಕ್ಕಪಕ್ಕದ ಹಲಗೆಗಳು,
ಆಮೇಲೆ ನಿದ್ದೆಗೆಟ್ಟ ನಾನು.

ಎರಡು ವರ್ಷ ಉಪಾಯಗಳಲ್ಲೇ ಕಳೆದೆ.
ಸಂದಿಗೊಂದು ಇಟ್ಟಿಗೆ ಚೂರು, ಒಂದು ಬೆಣೆ,
ಬಟ್ಟೆ ಹರವುವ ಹಗ್ಗದಲ್ಲಿ ನಾಲ್ಕು ಸುತ್ತು.
ಪಕ್ಕದ ಮನೆಯ ಮರ್ವ್ ಬೇಲಿಯ ಮೇಲೆ ಗಲ್ಲವಿಟ್ಟು
"ಇದು ಮೇಲಿನ ರೋಗವಲ್ಲ" ಎಂದ.
ಅರ್ಧ ಖರ್ಚು ಅವನದು.
ಬೆನ್ನು ಮಾತ್ರ ಪೂರ್ತಿ ನನ್ನದೇ,
ಅವನ ಸೊಂಟಕ್ಕೆ ಆಗಲೇ ಉಕ್ಕು ಹಾಕಿದ್ದಾರೆ.

ಶನಿವಾರ ಅಗೆದೆ.
ಕೆಂಪು ಮಣ್ಣು, ಮೇಲೆ ಹೆಂಟೆ, ಒಳಗೆ ಜಿಗುಟು.
ಹಾರೆಗೆ ಮೊದಲು ತಾಗಿದ್ದು
ಯಾರೋ ಎಂದೋ ಹೂತ ಬಿಯರ್ ಬಾಟಲಿಯ ಮೂತಿ.
ಕಂಬದ ತಲೆ ಗಟ್ಟಿ. ಬುಡವೂ ಗಟ್ಟಿ.
ಕೊಳೆತದ್ದು ನೆಲ ಮುಗಿದು ಗಾಳಿ ಶುರುವಾಗುವಲ್ಲಿ,
ನಾಲ್ಕೇ ಬೆರಳಗಲ.
ಮುಟ್ಟಿದರೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉದುರಿತು.
ಗೆದ್ದಲಿರಲಿಲ್ಲ. ದೂರೋಣವೆಂದರೆ ಯಾರೂ ಇಲ್ಲ.
ನೀರು ನಿಂತಿತ್ತು, ಅಷ್ಟೆ.

ನಾಲ್ಕಕ್ಕೆ ಧರಣೇಂದ್ರ ಮಗಳನ್ನು ಬಿಡಲು ಬಂದ.
ಗೇಟಿನಲ್ಲೇ ಚೀಲ ಕೊಟ್ಟು ಹೋಗುವುದು ವಾಡಿಕೆ.
ಈ ಸಲ ಗೇಟಿಗೆ ಹೋಗಲು ನನಗೆ ಕೈ ಬಿಡುವಿರಲಿಲ್ಲ:
ಒಂದರಲ್ಲಿ ಹೊಸ ಕಂಬ,
ಇನ್ನೊಂದರಲ್ಲಿ ಬಾಯಿ ಬಿಚ್ಚದ ಕಾಂಕ್ರೀಟ್ ಚೀಲ,
ಹಲ್ಲಿನ ನಡುವೆ ಪೆನ್ಸಿಲ್.
ಅವನು ಶೂ ಬಿಚ್ಚಿಟ್ಟು ಒಳಗೆ ಬಂದ.
ಹಿತ್ತಲಿಗೆ ಬರಲು ಯಾರಾದರೂ ಶೂ ಬಿಚ್ಚುತ್ತಾರೆಯೇ?
ಅವನು ಬಿಚ್ಚುತ್ತಾನೆ.
ಏನೂ ಕೇಳದೆ ಕಂಬ ಹಿಡಿದ.

ಚೀಲದ ಮೇಲೆ ಬರೆದಿತ್ತು:
ಪುಡಿ ಸುರಿಯಿರಿ, ನೀರು ಹೊಯ್ಯಿರಿ,
ಹದಿನೈದು ನಿಮಿಷ ಅಲುಗಿಸಬೇಡಿ.

ಹದಿನೈದು ನಿಮಿಷ!
ಹನ್ನೊಂದು ವರ್ಷದ ಸಂಸಾರದಲ್ಲಿ
ಅಷ್ಟು ಹೊತ್ತು ನಾವಿಬ್ಬರೂ ಒಂದನ್ನೇ ಹಿಡಿದು ನಿಂತ ನೆನಪಿಲ್ಲ.
ಮಗುವನ್ನು ಎತ್ತಿಕೊಂಡದ್ದೂ ಪಾಳಿಯ ಮೇಲೆ,
ನಾನು ರಾತ್ರಿ, ಅವನು ಹಗಲು.

ಇಂಚರ ರಸಮಟ್ಟ ಹಿಡಿದಳು.
ಒಂಬತ್ತು ವರ್ಷದ ಮೂಗು ಹಸಿರು ಗುಳ್ಳೆಗೆ ತಾಗುವಷ್ಟು ಹತ್ತಿರ.
"ಅಪ್ಪನ ಕಡೆ ವಾಲಿದೆ.
ಈಗ ಅಮ್ಮನ ಕಡೆ ಜಾಸ್ತಿ ಆಯ್ತು.
ಅಪ್ಪಾ, ಒಂಚೂರು ಬಿಟ್ಟುಕೊಡು."
ದನಿಯಲ್ಲಿ ಕೊಂಕಿರಲಿಲ್ಲ.
ನಾವಿಬ್ಬರೂ ಒಟ್ಟಿಗೇ ಕೆಮ್ಮಿದೆವು.

ಗೀಸರ್ ರಿಪೇರಿ ಆಯಿತಾ, ಕೇಳಿದ.
ಆಯಿತು.
ನಿಮ್ಮಮ್ಮನ ಕಣ್ಣು?
ಎಡಗಣ್ಣು ಆಯಿತು, ಬಲಗಣ್ಣು ದೀಪಾವಳಿ ಕಳೆದ ಮೇಲೆ.
ಮ್ಯಾಗ್‌ಪೈ ಒಂದು ಮರ್ವನ ಆಂಟೆನಾದ ಮೇಲೆ ಕೂತು
ನಮ್ಮ ಮೂರು ತಲೆಗಳಲ್ಲಿ ಯಾವುದನ್ನು ಕುಕ್ಕಲಿ ಎಂದು ಲೆಕ್ಕ ಹಾಕುತ್ತಿತ್ತು.
ನನ್ನ ಕೈ ಕೆಳಗೆ, ಅವನ ಕೈ ಮೇಲೆ, ನಡುವೆ ಒಂದು ಗೇಣು ಪೈನ್ ಮರ.
ಅವನ ಹೆಬ್ಬೆರಳಿನ ಉಗುರು ಕಪ್ಪಾಗಿದೆ.
ಕಾರಿನ ಬಾಗಿಲೋ, ಸುತ್ತಿಗೆಯೋ,
ಅವನ ಮೈಮೇಲೆ
ನನಗೆ ಕಥೆ ಗೊತ್ತಿಲ್ಲದ ಮೊದಲ ಗಾಯ.
ಕೇಳಲಿಲ್ಲ.

"ಮುಗೀತು," ಎಂದಳು ಗಡಿಯಾರ ನೋಡಿ.
"ಚಳಿಗೆ ಇದು ನಿಧಾನ, ಇನ್ನೆರಡು ನಿಮಿಷ ಇರಲಿ."
ಹಾಗೆಂದದ್ದು ನಾನು. ಅಥವಾ ಅವನು.
ಆಮೇಲೆ ಮೊದಲು ಒಬ್ಬರು, ಅನಂತರ ಒಬ್ಬರು ಕೈ ತೆಗೆದೆವು.
ಕಂಬ ನಿಂತಿತು.
ಕೆಂಪಾದ ಸಾಕ್ಸಿನ ಮೇಲೆಯೇ ಶೂ ಏರಿಸಿಕೊಂಡು
ಮುಂದಿನ ಶುಕ್ರವಾರ ಐದೂವರೆಗೆ ಎಂದು ಹೇಳಿ ಹೋದ.

ರಾತ್ರಿ ಗಾಳಿ ಬಂತು.
ಮೂರನೆಯದು ತುಟಿ ಪಿಟಕ್ಕೆನ್ನಲಿಲ್ಲ.
ಕರಕರ ಎಂದದ್ದು ನಾಲ್ಕನೆಯದು.
ಇಷ್ಟು ದಿನ ಪಕ್ಕದ್ದರ ಗದ್ದಲದಲ್ಲಿ
ಅದರ ದನಿ ಕೇಳಿಸಿರಲೇ ಇಲ್ಲ.

ಒಂದು ಚೀಲ ಕಾಂಕ್ರೀಟ್ ಉಳಿದಿತ್ತು.
ಎದ್ದು ಹೋಗಿ, ತೇವ ತಾಗದ ಹಾಗೆ
ಅದನ್ನು ಒಳಗಿಟ್ಟು ಬಂದೆ.