ಡಬಲ್ ಬೆಲ್

ಸೋಮವಾರ, ನನ್ನ ವಾರದ ರಜೆ.
ಪಾಸೋಡ್ಯಾ ವಿಠೋಬಾನ ಗಲ್ಲಿಯ ಅಂಗಡಿಯಲ್ಲಿ
ಚೋರ್ಡಿಯಾ ಗಾಜಿನ ಮೇಲೆ ಎರಡು ಡಬ್ಬಿ ಇಟ್ಟ.
ಅವಳಿ-ಜವಳಿ. ಎರಡೆರಡು ಕಡ್ಡಿ, ಒಂದೊಂದು ಕೋಡು.
"ಇದು ಮೋಡ್ ಒನ್, ಇದು ಮೋಡ್ ಟೂ. ಯಾವುದು ಕೊಡಲಿ, ತಾಯಿ?"
ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ.
ಹನ್ನೊಂದು ವರ್ಷವಾದರೂ ನನಗೆ ಒಮ್ಮೆ ವಯಸ್ಸಾದಂತಾಗುತ್ತದೆ.

ಪರ್ಸಿನಲ್ಲಿ ಡಿಪೋದ ಹೆಂಗಸರ ಭಿಶಿ,
ಈ ತಿಂಗಳು ನನ್ನ ಹೆಸರಿಗೆ ಎದ್ದದ್ದು, ಏಳು ಸಾವಿರ.
ಮಿಕ್ಸರ್ ತರ್ತೀಯಾ ಅಂದರು ಎಲ್ಲರೂ.
ಹೂಂ ಅಂದಿದ್ದೆ.

ಕಾತ್ರಜ ದಾಟಿ ನಮ್ಮ ಬಸ್ಸಿನ ಕೊನೆಯ ಸ್ಟಾಪು.
ಅಲ್ಲಿ ಹದಿನೆಂಟು ನಿಮಿಷ ಬಿಡುವು.
ಡ್ರೈವರ್ ಧುಮಾಳ ತಂಬಾಕು ತಿಕ್ಕುತ್ತಾನೆ,
ನಾನು ಬೇಲಿಯ ಕಂಬಿಗೆ ಆತು ನಿಲ್ಲುತ್ತೇನೆ.
ಆಚೆ ಬಯಲಲ್ಲಿ ಬೋಕೀಲ ಕಾಕಾನ ಹಳದಿ ವಿಮಾನ,
ಹುಲ್ಲು ಸವರಿಕೊಂಡು ಏಳುತ್ತದೆ.
ನೋಡಿ ನೋಡಿ ಒಂದು ದಿನ ಅವರೇ ಕರೆದರು:
ಕಂಬಿ ಸವೆದೀತು, ಒಳಗೆ ಬಾ.

ಚೋರ್ಡಿಯಾ ಕಡ್ಡಿ ಅಲ್ಲಾಡಿಸಿ ತೋರಿಸಿದ.
ಇದರಲ್ಲಿ ವೇಗ ಬಲಗೈಗೆ, ಅದರಲ್ಲಿ ಎಡಗೈಗೆ.
ವೇಗಕ್ಕೆ ಸ್ಪ್ರಿಂಗ್ ಇಲ್ಲ, ಬಿಟ್ಟಲ್ಲೇ ನಿಲ್ಲುತ್ತದೆ.
ಉಳಿದದ್ದೆಲ್ಲ ಬೆರಳು ತೆಗೆದ ಕೂಡಲೇ ನಡುವಿಗೆ,
ಕಿಟಕಿಯಾಚೆ ಚಾಚಿದ ಕೈಯನ್ನು
ನನ್ನ ದನಿ ಕೇಳಿ ಒಳಗೆಳೆದುಕೊಳ್ಳುವ ಹುಡುಗರ ಹಾಗೆ.

ನಾನು ಎಡಚಿ.
"ಎಡಗೈ ತೊಳ್ಯಾಕ ಐತಿ, ಬಡ್ಸಾಕಲ್ಲ," ಅಂತಿದ್ದಳು ಅವ್ವ,
ಅಕ್ಕಲಕೋಟದ ಮನೆಯಲ್ಲಿ, ಸೌಟಿನಿಂದಲೇ ಗೆಣ್ಣಿಗೆ ಹೊಡೆದು.
ಬರೆಯಲು ಬಲಗೈ, ಉಣ್ಣಲು ಬಲಗೈ, ಪ್ರಸಾದಕ್ಕೆ ಬಲಗೈ.
ಬಸ್ಸಿನಲ್ಲಿ ಮಾತ್ರ ಬಲಗೈ ಸರಳು ಹಿಡಿದು ತೂಗುತ್ತದೆ,
ಎಡಗೈ ಹಗ್ಗ ಎಳೆಯುತ್ತದೆ.
ಒಂದೆಳೆತಕ್ಕೆ ನಿಲ್ಲು, ಎರಡಕ್ಕೆ ಹೊರಡು.
ಸ್ಟೀರಿಂಗು ಧುಮಾಳನದು.
ಹೊರಡುವುದು ನನ್ನದು.

"ಮೋಡ್ ಟೂ ಕೊಡಿ."

"ಕಲಿಸುವವರು ಯಾರು?"
ಬೋಕೀಲ ಕಾಕಾ ಅಂದೆ. ಅವನ ಕೈ ಡಬ್ಬಿಯ ಮೇಲೇ ನಿಂತಿತು.
"ಅವರದು ಮೂವತ್ತು ವರ್ಷದಿಂದ ಮೋಡ್ ಒನ್.
ಮೊದಲ ಡಬ್ಬಿ ನಿಮ್ಮ ಕೈಗಲ್ಲ, ತಾಯಿ, ಗುರುವಿನ ಕೈಗೆ.
ವಿಮಾನ ಮೂಗಡಿಯಾಗಿ ಬರುವಾಗ
ಅವರು ಕಸಿದುಕೊಂಡರೆ, ಬೆರಳಿಗೆ ದಾರಿ ಗೊತ್ತಿರಬೇಡವೇ?"

ಮತ್ತೆ ಸೌಟು. ಮತ್ತೆ ಗೆಣ್ಣು.

ಅಲ್ಲಿಂದಲೇ ಫೋನು ಹಚ್ಚಿದೆ.
ಕಾಕಾ ಕೆಮ್ಮಿದರು. ಹಿಂದೆ ಕುಕ್ಕರಿನ ಸೀಟಿ.
"ಕಸಿದುಕೊಳ್ಳೋದು ಯಾಕೆ? ತಂತಿ ಕಟ್ಟೋಣ,
ನಿನ್ನ ಡಬ್ಬಿಯಿಂದ ನನ್ನ ಡಬ್ಬಿಗೆ.
ನಿನ್ನ ಕೈ ನಿನ್ನ ಹಾಗೆ, ನನ್ನ ಕೈ ನನ್ನ ಹಾಗೆ.
ನಾನು ಸ್ವಿಚ್ ಬಿಟ್ಟರೆ ವಿಮಾನ ನನ್ನದು, ಹಿಡಿದಷ್ಟು ಹೊತ್ತು ನಿನ್ನದು.
ಯಾವ ಕೈ ಅಂತ ವಿಮಾನಕ್ಕೆ ಏನು ಗೊತ್ತು?
ಆದರೆ ಬೆನ್ನಲ್ಲಿ ತಂತಿಯ ತೂತು ಇರಬೇಕು, ನೋಡು."

ಎರಡನ್ನೂ ಬೋರಲು ಹಾಕಿದೆ. ಎರಡರದ್ದೂ ನುಣ್ಣಗಿನ ಬೆನ್ನು.
ತೂತಿದ್ದದ್ದು ಮೇಲಿನ ಹಲಗೆಯ ಹಳೆಯ ಒಂದರಲ್ಲಿ,
ಮೋಡ್ ಟೂ, ಆರು ಚಾನೆಲ್, ಮೂಲೆ ಸವೆದದ್ದು,
ಬದಿಗೆ ಯಾರೋ ಕೆತ್ತಿದ ಹೆಸರು, ಅರ್ಧ ಅಳಿಸಿದ್ದು.
ಏಳೂವರೆ ಅಂದ. ಚಿಲ್ಲರೆ ಇಲ್ಲದವರೊಡನೆ
ದಿನಾ ಜಗಳಾಡುವವಳು ನಾನು. ಆರೂ ಮುಕ್ಕಾಲಿಗೆ ತಂದೆ.

ವಾಪಸಾಗುವಾಗ ಕಿಟಕಿ ಸೀಟು, ತೊಡೆಯ ಮೇಲೆ ಚೀಲ.
ಚೀಲದೊಳಗೆ ಎಡ ಹೆಬ್ಬೆರಳು
ಸ್ಪ್ರಿಂಗಿಲ್ಲದ ಕಡ್ಡಿಯನ್ನು ಹುಡುಕಿಕೊಂಡು
ಒಂದೊಂದೇ ಹಲ್ಲು ಮೇಲಕ್ಕೆ ತಳ್ಳುತ್ತಿತ್ತು. ಕಿಟ್, ಕಿಟ್.
ಬಸ್ಸು ಮಾತ್ರ ಸ್ವಾರಗೇಟಿನ ಸಿಗ್ನಲ್ಲಿನಲ್ಲಿ ಗಟ್ಟಿಯಾಗಿ ಕೂತಿತ್ತು.
ಹೊಸ ಹುಡುಗಿ ಕಂಡಕ್ಟರು, ನಮ್ಮ ಡಿಪೋದವಳೇ,
ಚೀಲ ನೋಡಿ ನಕ್ಕಳು.
"ಮಿಕ್ಸರಾ?"

ಹೂಂ ಅಂದೆ.
"ಎಷ್ಟು ಜಾರಿನದು?"