ಹದಿನಾಲ್ಕನೆಯ ಪುಟ

ಗಾಜಿನ ಗೂಡಿನಲ್ಲಿ ಕೂತು
ಬೇರೆಯವರ ಮಾತು ನನ್ನ ಬಾಯಲ್ಲಿ ಆಡುವುದು ನನ್ನ ಕಸುಬು.
ಸ್ಲೊವೀನ್ ಗೂಡಿನವಳು ನಾನು.
ಬ್ರಸೆಲ್ಸಿನ ಈ ಸಮಿತಿ ಕೋಣೆಗೆ ಕಿಟಕಿಯಿಲ್ಲ;
ಹೊರಗಿನ ಹವೆ ಒಳಬರುವವರ ಕೋಟು ನೋಡಿಯೇ ತಿಳಿಯಬೇಕು.
ಇವತ್ತು ಎಲ್ಲರ ಹೆಗಲೂ ಒದ್ದೆ.

ಪೆನಿಶೆ ಬಂದರಿನಿಂದ ಬಂದವಳು ಅಡೇಲಿಯಾ.
ಒಂದು ಬಸ್ಸು, ಒಂದು ಅಗ್ಗದ ವಿಮಾನ, ಆಮೇಲೆ ನಡಿಗೆ.
ಬಲೆ ಹೆಣೆಯುವ ಕೈ, ಬೆರಳ ಸಂದಿಯಲ್ಲಿ ದಾರ ಕೊರೆದ ಗೀರು.
ಕೇಳಿದ್ದು ಇಷ್ಟೇ:
ಬೂತಾಯಿ ಮೀನಿನ ಪಾಲು ಹಂಚಿದ ರಾತ್ರಿ
ಆ ಮುಚ್ಚಿದ ಬಾಗಿಲ ಹಿಂದೆ
ಯಾರು ಏನೆಂದರು?

ಉತ್ತರ ಬಂದಿತ್ತು. ಇಪ್ಪತ್ಮೂರು ಪುಟ.
ಮೊದಲಲ್ಲಿ ತಾರೀಕು, ಕೊನೆಯಲ್ಲಿ ಸಹಿಯ ಜಾಗ,
ನಡುವೆಲ್ಲ ಕಪ್ಪು,
ಅಂಚು ತಪ್ಪದ ಹಾಗೆ ಸಾಲಿಗೆ ಸಾಲು ಬಳಿದ ಕಪ್ಪು.

ಅಧ್ಯಕ್ಷೆ ಹೆಲ್ಯೆ ವಾರಿಕ್ ಕನ್ನಡಕ ಏರಿಸಿ
"ಓದಿ" ಎಂದರು.
ಓದಿದಳು. ಅಂದರೆ, ಸುಮ್ಮನೆ ನಿಂತಳು,
ಒಂದು ಪುಟಕ್ಕೆ ಹಿಡಿಯುವಷ್ಟು ಹೊತ್ತು.
ಮಗುಚಿದಳು. ಮತ್ತೆ ನಿಂತಳು.
ನಾನೂ ಸುಮ್ಮನಾದೆ. ಪಕ್ಕದ ಪೋಲಿಷ್ ಗೂಡು ಸುಮ್ಮನಾಯಿತು,
ಅದರಾಚೆಯ ಗ್ರೀಕ್, ಅದರಾಚೆಯ ಫಿನ್ನಿಷ್.
ಇಪ್ಪತ್ತು ವರ್ಷದ ನನ್ನ ಕೆಲಸದಲ್ಲಿ
ಎಲ್ಲ ಭಾಷೆಗೂ ಒಂದಕ್ಷರ ತಪ್ಪದೆ ಹೋದ ಭಾಷಣ
ಅದೊಂದೇ.

ಮಂತ್ರಿಗಳ ಮಂಡಳಿ ಒಬ್ಬ ಹುಡುಗನನ್ನು ಕಳಿಸಿತ್ತು.
ಬೂದು ಟೈ. ಕೈಯಲ್ಲಿ ಯಾರೋ ಬರೆದುಕೊಟ್ಟ ಚೀಟಿ.
"ಪರಿಶೀಲನೆಯಲ್ಲಿದೆ. ಸೂಕ್ತ ಕಾಲದಲ್ಲಿ. ಸೂಕ್ತ ರೀತಿಯಲ್ಲಿ."
ದೂರದ ಯಾವುದೋ ಸೀಮೆಯಲ್ಲಿ
ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಸಾಗಹಾಕುತ್ತಾರಂತೆ;
ದೆವ್ವ ಓದಿ ತಿರುಗಿ ಹೋಗುತ್ತದಂತೆ, ದಿನಾಲೂ.
ಇಲ್ಲಿ ಬಾಗಿಲಾಚೆ ನಿಂತದ್ದು ದೆವ್ವವಲ್ಲ,
ಬಲೆಯ ಹೆಂಗಸು. ತಿರುಗಿ ಹೋಗಲಿಲ್ಲ.
ಹುಡುಗನ ಕತ್ತು ಬೆವೆತಿತ್ತು.
ಪಾಪ, ಅವನೂ
ಬೇರೆಯವರ ಮಾತು ತನ್ನ ಬಾಯಲ್ಲಿ ಆಡುವವನೇ.

ಆಮೇಲೆ ಜಗಳ, ಒಂದು ಕ್ರಿಯಾಪದಕ್ಕೆ.
ಹನ್ನೊಂದು ವರ್ಷದ ಕೆಳಗೆ ಈ ಸಮಿತಿ ಇದನ್ನೇ 'ಗಮನಿಸಿತ್ತು'.
ಮುಂದೆ ಎರಡು ಸಲ 'ವಿಷಾದಿಸಿತ್ತು'.
ನಡುವೆ ಒಂದು ಚುನಾವಣೆ, ಹೊಸ ಮುಖಗಳು,
ಮತ್ತೆ ಜಾರಿ 'ಗಮನಿಸಿತ್ತು'.
'ಕೋರುತ್ತದೆ' ಸಾಕು ಎಂದರು ಬವೇರಿಯಾದ ಹಿರಿಯರು.
'ಆಗ್ರಹಿಸುತ್ತದೆ' ಎಂದು ಮೇಜು ಕುಟ್ಟಿದಳು ಮಾಲ್ಟಾದ ಕಿರಿಯಳು.
ಊಟದ ಹೊತ್ತು ಮೀರಿತು, ಕಾಫಿಯ ಗಾಡಿ ಬಂದು ಬರಿದೇ ಹೋಯಿತು.
ಕೈ ಎತ್ತಿದರು. ಎಣಿಸಿದರು. ಮತ್ತೆ ಎಣಿಸಿದರು.
ಹತ್ತೊಂಬತ್ತು, ಹದಿನೇಳು.
ಆಗ್ರಹಿಸುತ್ತದೆ.

ನಗಬೇಡಿ.
ಆ ಒಂದು ಪದಕ್ಕೆ ವಾರಿಕ್
ಕುಂಟು ಮಂಡಿಯಲ್ಲಿ ಆರು ಮಹಡಿ ಹತ್ತಿ ಇಳಿದು
ಒಬ್ಬೊಬ್ಬರ ಕೋಣೆಯ ಕದ ತಟ್ಟಿದ್ದು ನನಗೆ ಗೊತ್ತು.
ಲಿಫ್ಟಿನಲ್ಲಿ ಹೋದರೆ
ಎದುರು ಸಿಕ್ಕವರು ತಪ್ಪಿಸಿಕೊಳ್ಳುತ್ತಾರೆ, ಎನ್ನುತ್ತಿದ್ದರು.

ಎಂಟು ತಿಂಗಳು.
ಪತ್ರ, ಮರುಪತ್ರ, ಜ್ಞಾಪನ,
ಅಧ್ಯಕ್ಷೆಯ ಸಹಿಯಡಿ ಮತ್ತೊಂದು ಜ್ಞಾಪನ.
ಕೊನೆಗೆ ಬಂತು ಅದೇ ಇಪ್ಪತ್ಮೂರು ಪುಟ,
ಹದಿನಾಲ್ಕನೆಯದರಲ್ಲಿ ಮಾತ್ರ
ಮಸಿ ಸರಿದು ಮೂರು ಸಾಲು:
ಕೋಣೆಯಲ್ಲಿ ಸೆಕೆ ಎಂದು ಯಾರೋ ಹೇಳಿದ್ದು.
ಬಾಗಿಲು ತೆರೆಯುವಂತಿಲ್ಲ ಎಂದು ಇನ್ಯಾರೋ.
ಮೂರನೆಯದು,
"ಸಣ್ಣ ದೋಣಿಗಳು: ಚರ್ಚೆಯಾಗಲಿಲ್ಲ."

ಇಷ್ಟನ್ನು ಮುಚ್ಚಿಡಲು ಅಷ್ಟು ಮಸಿ.

ಪರದೆಯ ಮೇಲೆ ಅಡೇಲಿಯಾ, ಬಂದರಿನ ಕಚೇರಿಯಿಂದ;
ಹಿಂದೆ ಕಡಲಕ್ಕಿಗಳ ಗಲಾಟೆ,
ಯಾರೋ ಐಸು ಒಡೆಯುವ ಸದ್ದು.
ಮೂರು ಸಾಲನ್ನು ಅವಳು ಎರಡು ಸಲ ಓದಿದಳು.
ಅಳುತ್ತಾಳೆ ಅಂದುಕೊಂಡು
ನಾನು ದನಿ ತಗ್ಗಿಸಿ ಕಾದಿದ್ದೆ.
ಹರಿದ ಬಲೆಯಲ್ಲಿ ಮೊದಲ ಗಂಟು ಹಾಕಿ
ಮುಂದಿನ ತೂತಿಗೆ ಬೆರಳು ತೂರಿಸುವವರ ದನಿ ಅವಳದು.
ಆ ದನಿಯನ್ನು ಸ್ಲೊವೀನಿಗೆ ತರಲು ನನ್ನಿಂದಾಗಲಿಲ್ಲ,
ಮಾತನ್ನಷ್ಟೇ ತಂದೆ:

"ಸರಿ.
ಹದಿನೈದನೆಯದು ಯಾವಾಗ?"