ಮೀನಖಂಡದ ಅಳತೆ

ರಾತ್ರಿ ಎರಡಕ್ಕೆ ಟೇಪು ಬಿಚ್ಚುತ್ತೇನೆ.
ಅಮ್ಮನ ಹೊಲಿಗೆ ಪೆಟ್ಟಿಗೆಯದು, ಸುಂಟಿಕೊಪ್ಪದ್ದು;
ರವಿಕೆಯ ತೋಳು ಅಳೆದೂ ಅಳೆದೂ
ಏಳರ ಅಂಕಿಗಳು ಅರ್ಧ ಅಳಿಸಿವೆ.
ಮಂಡಿಚಿಪ್ಪಿನಿಂದ ಒಂದು ಗೇಣು ಕೆಳಗೆ
ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ, ದಿನವೂ ಅಲ್ಲೇ ಸುತ್ತಬೇಕು.
ಬಲಗಾಲು ಮೂವತ್ತನಾಲ್ಕು.
ಎಡಗಾಲು
ಮತ್ತೊಮ್ಮೆ ಸುತ್ತುತ್ತೇನೆ.

ಆರನೇ ಹಾಸಿಗೆ. ಚೀಯಣ್ಣ, ಐವತ್ತೆರಡು,
ಮಡಿಕೇರಿಯಿಂದ ಮಾಂದಲಪಟ್ಟಿಗೆ ಜೀಪು ಓಡಿಸುವವನು.
ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶ
ಅವನ ರಸ್ತೆಯ ಬೆಳಗುಗಳಂತೆ:
ಹತ್ತಡಿ ಮುಂದೆ ಏನೂ ಕಾಣದ ಬಿಳಿ.
ಉಸಿರು ಈಗ ಯಂತ್ರದ್ದು.

"ಕಾಯಿಲೆ ಎದೆಗೆ. ಕಾಲು ಯಾಕೆ ಅಳೀತೀರಿ?"
ಕೆಳಗೆ ಮೆಟ್ಟಿಲ ಹತ್ತಿರ ದೇಚಮ್ಮ ಕೇಳಿದ್ದಳು,
ಮುಷ್ಟಿಯಲ್ಲಿ ಜೀಪಿನ ಕೀಲಿ.
ಅಲ್ಲಾಡದ ಕಾಲಲ್ಲಿ ರಕ್ತ ಕೂತುಬಿಡುತ್ತದೆ ಅಕ್ಕ,
ಈ ಜ್ವರ ಅದಕ್ಕೆ ಹೆಪ್ಪು ಹಾಕುತ್ತದೆ,
ಉಗುರುಬೆಚ್ಚಗಿನ ಹಾಲಿಗೆ ನೀವು ಹಾಕುವ ಹಾಗೆ.
ಅದರದೊಂದು ಚೂರು ಕಿತ್ತು ಮೇಲಕ್ಕೆ ಹೊರಟರೆ...
ಅಲ್ಲಿಗೆ ನಿಲ್ಲಿಸಿದೆ.
ಅವಳು ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಮೂಗಿಗೆ ನಳಿಗೆ ಮಾತ್ರ ಇದ್ದ ದಿನಗಳಲ್ಲಿ ಅವನೇ ಹೇಳಿದ್ದು:
"ಜಿಗಣೆ ಕಂಡರೆ ಟೂರಿಸ್ಟುಗಳು ಕಿರುಚ್ತಾರೆ ಸಿಸ್ಟರ್,
ಕಿತ್ತ ಮೇಲೂ ರಕ್ತ ನಿಲ್ತಿಲ್ಲ ಅಂತ ಅಳ್ತಾರೆ.
ಹರೀಲಿ ಬಿಡಿ ಅಂತೇನೆ,
ಹರಿಯೋ ರಕ್ತ ಯಾರನ್ನೂ ಕೊಂದಿಲ್ಲ."
ಅದು ಸುಳ್ಳು. ಮೂರನೇ ಹಾಸಿಗೆಯವರು ಹೋದದ್ದು
ಹರಿದೇ. ನಾನು ಹೇಳಲಿಲ್ಲ.
ಹೊಟ್ಟೆಗೆ ಚುಚ್ಚುವ ಮದ್ದು ಹಂದಿಯ ಕರುಳಿಂದ ತೆಗೆದದ್ದು ಎಂದೆ ಅಷ್ಟೆ.
ಕೆಮ್ಮುತ್ತಲೇ ನಕ್ಕ: "ಇಷ್ಟು ವರ್ಷ ಬಾಯಲ್ಲಿ ತಿಂದೆ,
ಈಗ ಸೂಜೀಲಿ. ಕಾಚಂಪುಳಿ ಎಲ್ಲಿ?"

ಎಡಗಾಲು ಮೂವತ್ತೇಳೂವರೆ.
ಅಳಿಸಿದ ಏಳು, ಆದರೂ ಏಳೇ.

ಡಾಕ್ಟರ್ ಸಫೂರಾ ಕುರ್ಚಿಯಲ್ಲೇ ನಿದ್ದೆಹೋಗಿದ್ದರು,
ಒಂದೇ ಕಾಲಲ್ಲಿ ಚಪ್ಪಲಿ. ಎಬ್ಬಿಸಿದೆ.
ಸ್ಕ್ಯಾನ್ ಮಾಡುವವನು ಬೆಳಿಗ್ಗೆ ಬರುವವನು,
ಮೈಸೂರು ದೂರ; ಕುಶಾಲನಗರ ದಾಟುವ ತನಕ
ಈ ಎದೆ ತಡೆಯುತ್ತದೆಯೋ ಇಲ್ಲವೋ.
ಬೆರಳಿಂದ ಒತ್ತಿದರು. ಗುಳಿ ಬಿತ್ತು,
ತುಂಬಿಕೊಳ್ಳಲು ತಡಮಾಡಿತು.
ವಸಡು ನೋಡಿದರು. ಮೂತ್ರದ ಚೀಲ ಬೆಳಕಿಗೆ ಹಿಡಿದರು.
ಎಲ್ಲೂ ಕೆಂಪಿಲ್ಲ, ಸದ್ಯಕ್ಕೆ.
"ಡೋಸ್ ಏರಿಸೋಣ," ಎಂದರು, ನನ್ನ ಮುಖ ನೋಡದೆ.
ಬರೆದೆ. ಎರಡು ನಲವತ್ತು.

ಬೆಳಗಾಯಿತು. ಅವನು ಹಾಗೇ ಇದ್ದ.
ಸ್ಕೂಟರ್ ನಿಲ್ಲಿಸಿದ ಹುಲ್ಲಲ್ಲಿ ಹತ್ತಿಕೊಂಡಿರಬೇಕು,
ಮನೆಯಲ್ಲಿ ಕಾಲುಚೀಲ ಕಳಚಿದರೆ
ಹಿಮ್ಮಡಿಯ ಮೇಲೊಂದು, ಉಂಡು ಉರುಟಾಗಿ.
ತಾನೇ ಉದುರಿತು.
ನೆಲದ ಮೇಲೆ ಸಣ್ಣ ಕೆಂಪು ದಾರ ಇಳಿಯತೊಡಗಿತು.
ಸುಣ್ಣದ ಡಬ್ಬಿ ಕೈಗೆಟಕುವಲ್ಲೇ ಇತ್ತು.
ಮುಟ್ಟಲಿಲ್ಲ.
ಫೋನು ಪಕ್ಕದಲ್ಲಿಟ್ಟು
ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು
ಗಡಿಯಾರ ನೋಡುತ್ತ ಕೂತೆ.